ಒಂದೇ ತಾಟಿನಲ್ಲಿ ಉಂಡವರು

ಪೋರ್ಟ್ ಕಾರ್ನಾ, ಸ್ಕಾಟ್ಲೆಂಡ್
14 ಅಕ್ಟೋಬರ್ 2023

ಪ್ರೀತಿಯ ಎವ್ಲಿನಕ್ಕ,

ಸಲಾಂ. ನಿಮ್ಮ ವಾಟ್ಸಪ್ಪಿಗೆ ಉತ್ತರ ಹಾಕಲಿಲ್ಲ ಅಂತ ಸಿಟ್ಟು ಮಾಡಬೇಡಿ. ಇಲ್ಲಿಗೆ ಬಂದಾಗಿನಿಂದ ಕೂತು ಉಸಿರು ಬಿಡಲು ಪುರುಸೊತ್ತಿಲ್ಲ. ಇವತ್ತು ಶನಿವಾರ, ರಜೆ. ಅದಕ್ಕೇ ಉದ್ದಕ್ಕೆ ಮೇಲ್ ಬರೆಯಲು ಕೂತಿದ್ದೇನೆ.

ಯಾರ್ಡು ನಾವು ದುಬೈಯಲ್ಲಿ ಅಂದುಕೊಂಡಷ್ಟು ದೊಡ್ಡದಲ್ಲ. ಸಮುದ್ರಕ್ಕೆ ಇಳಿಯುವ ಒಂದು ಕಾಂಕ್ರೀಟ್ ಇಳಿಜಾರು, ಅದರ ಮೇಲೆ ಹಳಿ, ಬೋಟನ್ನು ಮೇಲೆ ಎಳೆಯಲು ಒಂದು ಹಳೆಯ ಯಂತ್ರ, ತಗಡಿನ ಶೆಡ್ಡು. ಶೆಡ್ಡಿನ ನೆತ್ತಿಯ ಮೇಲೆ ಹೊಸ ಬೋರ್ಡು: ‘ಕಾರ್ನಾ ಶಿಪ್ ರಿಪೇರ್ಸ್’. ಏಣಿ ಹತ್ತಿ ಅದನ್ನು ಕಟ್ಟಿದವನು ನಾನೇ. ಗಾಳಿ ಎಷ್ಟು ಜೋರೆಂದರೆ ಬೋರ್ಡಿನ ಜೊತೆ ನಾನೂ ಹಾರಿ ಹೋಗುತ್ತೇನೋ ಅಂತ ಕೆಳಗೆ ನಿಂತವರೆಲ್ಲ ನಕ್ಕರು.

ಶೆಡ್ಡಿನ ಹಿಂದೆ ಗುಡ್ಡ, ಗುಡ್ಡದ ತುಂಬ ಕುರಿ. ಇಷ್ಟು ಕುರಿಯಿದ್ದೂ ಹಲಾಲ್ ಮಾಂಸಕ್ಕೆ ಬಸ್ಸು ಹತ್ತಿ ಹೋಗಬೇಕು. ಇಲ್ಲಿಯವರ ಇಂಗ್ಲಿಷು ಕೇಳಿದ ಮೇಲೆ ನನ್ನ ಇಂಗ್ಲಿಷಿನ ಮೇಲೆ ನನಗೇ ಗೌರವ ಬಂದಿದೆ. ಬಂದರಿನ ಪಕ್ಕದ ಚಹಾ ಅಂಗಡಿಯ ಮೊಯ್ರಾ ಎಂಬ ಹೆಂಗಸು ಮಾತ್ರ ನನಗಾಗಿ ನಿಧಾನ ಮಾತಾಡುತ್ತಾಳೆ.

ಇಲ್ಲಿಯ ಯಾರ್ಡಿಗೂ ಮಾಲೀಕರಾದ ಹ್ಯಾಮಿಶ್ ಸಾಹೇಬರು ದುಬೈಯಲ್ಲಿ ಹೇಗಿದ್ದರೋ ಹಾಗೇ ಇದ್ದಾರೆ. ಇದು ಅವರ ಅಜ್ಜನ ಊರಂತೆ. ಭಾವನ ಬಗ್ಗೆ ಕೇಳಿದರು. “ರವೂಫ್ ಗುಡ್ ಮ್ಯಾನ್” ಅಂತ ಎರಡು ಸಲ ಹೇಳಿದರು. ಆ ಕೇಸು ಇಷ್ಟರೊಳಗೆ ಮುಗಿದಿರಬೇಕು ಅಲ್ಲವೇ? ಫೋನು ಮಾಡಿದರೆ ಭಾವ ಎಲ್ಲ ಸರಿ ಇದೆ ಅನ್ನುತ್ತಾರೆ. ಊರಿನಲ್ಲಿರುವ ನಸೀಮಕ್ಕನಿಗೆ ಏನೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ನಿಮ್ಮ
ಶಾನು


ಅಲ್ ನಹ್ದಾ, ದುಬೈ
2 ನವೆಂಬರ್ 2023

ಶಾನವಾಝ್,

ಕುರಿಗಳ ವರ್ಣನೆ ಚೆನ್ನಾಗಿತ್ತು.

ಏನು ಮುಗಿದಿರಬೇಕು ಮಾರಾಯ? ಯಾರು ಮುಗಿಸಬೇಕು? ನಿನ್ನ ಅಕ್ಕನ ಗಂಡ ಈ ದೇಶ ಬಿಟ್ಟು ಹೊರಗೆ ಕಾಲಿಡುವಂತಿಲ್ಲ. ಕೆಲಸಕ್ಕೆ ಸೇರುವಂತಿಲ್ಲ. ಮದೀನತ್ ಜಾಯೆದ್‌ನಲ್ಲಿ ನಮ್ಮ ಕಡೆಯ ಅಲಿಕುಂಞಿಯ ಗ್ರೋಸರಿಯ ಹಿಂದಿನ ಕೋಣೆಯಲ್ಲಿ ಮಲಗುತ್ತಾರೆ. ‘ಎಲ್ಲ ಸರಿ ಇದೆ’ ಅಂತ ನಿನಗೆ ಹೇಳುವುದು ಆ ಕೋಣೆಯಿಂದ.

ಮರೆತಿದ್ದರೆ ನೆನಪು ಮಾಡುತ್ತೇನೆ. ಜುಲೈಯಲ್ಲಿ ನಮ್ಮ ಯಾರ್ಡಿನಲ್ಲಿ ಆ ಸಪ್ಲೈ ಬೋಟು ನಿಂತಿತ್ತು. ಅದರ ತಳದಲ್ಲಿ ಎಣ್ಣೆ ಬೆರೆತ ಕೊಳಕು ನೀರು. ಅದನ್ನು ಟ್ಯಾಂಕರ್ ಲಾರಿಗೆ ತುಂಬಿ ಕಳಿಸಬೇಕಿತ್ತು. ಲಾರಿ ಬರುವುದು ತಡ, ಬೋಟಿನ ಮಾಲೀಕ ಅವಸರದವನು. ಆಗ ನಿನ್ನ ಸಾಹೇಬ ಫೋನಿನಲ್ಲಿ ಹೇಳಿದ, ಸಮುದ್ರಕ್ಕೇ ಬಿಡಿ, ಯಾರು ನೋಡುತ್ತಾರೆ ಅಂತ. ರವೂಫಾಕನ ಎರಡೂ ಕೈ ಗ್ರೀಸು. ಫೋನನ್ನು ಸ್ಪೀಕರಿಗೆ ಹಾಕಿ ಅವರ ಕಿವಿಯ ಹತ್ತಿರ ಹಿಡಿದವನು ನೀನು. ಅವರು ಬೇಡ ಸಾರ್, ಬೇಡ ಸಾರ್ ಅಂದದ್ದನ್ನೂ ಆತ ಗದರಿಸಿದ್ದನ್ನೂ ಕೇಳಿದವನು ನೀನೊಬ್ಬನೇ. ಆ ಸಂಜೆ ಯಾರ್ಡಿನ ಆಫೀಸಿನಲ್ಲಿ ನನ್ನ ಮೇಜಿನ ಮುಂದೆ ನಿಂತು ಅಳುತ್ತಾ ಇದನ್ನೆಲ್ಲ ಹೇಳಿದವನೂ ನೀನೇ.

ಎಣ್ಣೆ ತೇಲಿತು, ಇನ್‌ಸ್ಪೆಕ್ಟರುಗಳು ಬಂದರು. ಸಾಹೇಬ ರವೂಫಾಕನನ್ನು ಒಳಗೆ ಕರೆದ. ಒಂದು ವಾರ ಈ ತಪ್ಪು ನಿನ್ನ ಹೆಸರಿನಲ್ಲಿರಲಿ, ನಾನು ಸರಿ ಮಾಡುತ್ತೇನೆ ಅಂದ. ಇವರು ‘ನಾನೇ ನನ್ನ ಬುದ್ಧಿಯಿಂದ ಬಿಟ್ಟೆ’ ಅಂತ ಸಹಿ ಹಾಕಿದರು. ಆತ ವಿಮಾನ ಹತ್ತಿದ. ನಿನ್ನ ವೀಸಾ ಮೊದಲೇ ತಯಾರಿತ್ತಲ್ಲ, ಹಿಂದೆಯೇ ನೀನೂ ಹತ್ತಿದೆ.

ವಕೀಲರ ಆಫೀಸಿನಲ್ಲಿ ಗುರುದತ್ತ ಅಂತ ನಮ್ಮ ಮೈಸೂರಿನವರಿದ್ದಾರೆ. ಅವರು ಹೇಳುವುದು ಇಷ್ಟೇ: ಫೋನಿನಲ್ಲಿ ಕೇಳಿದ್ದನ್ನು ನೀನು ಬರೆದು, ಅಲ್ಲಿ ಸಹಿ ಮಾಡಿಸಿ ಕಳಿಸಿದರೆ ರವೂಫಾಕ ಉಳಿಯುತ್ತಾರೆ. ಇಲ್ಲದಿದ್ದರೆ ಜೈಲು, ಆಮೇಲೆ ಊರಿಗೆ, ಮತ್ತೆ ಗಲ್ಫಿನ ಮುಖ ನೋಡುವಂತಿಲ್ಲ. ಉಳ್ಳಾಲದ ಮೀನುಗಾರರ ಮಗ ಕಡಲಿಗೆ ವಿಷ ಹಾಕಿದವ ಅನ್ನಿಸಿಕೊಂಡು ಹೋಗಬೇಕು.

ನಿನ್ನನ್ನು ಗಲ್ಫಿಗೆ ಕರೆಸಿದ್ದು ಯಾರು ಅಂತಲೂ ನೆನಪು ಮಾಡಬೇಕಾ? ಬೇಗ ಬರಿ.

ಎವ್ಲಿನಕ್ಕ


ಪೋರ್ಟ್ ಕಾರ್ನಾ
9 ಡಿಸೆಂಬರ್ 2023

ಪ್ರೀತಿಯ ಎವ್ಲಿನಕ್ಕ,

ತಡವಾಯಿತು, ಕ್ಷಮಿಸಿ. ನಮ್ಮ ಮೊದಲ ದೊಡ್ಡ ಕೆಲಸ ಬಂತು. ಒಂದು ಮೀನು ಹಿಡಿಯುವ ಟ್ರಾಲರ್. ಅದನ್ನು ಇಳಿಜಾರಿನ ಮೇಲೆ ಎಳೆದು ತಂದ ದಿನ ಊರಿಗೆ ಊರೇ ಬಂದು ನಿಂತಿತ್ತು. ಈ ಬಂದರಿನಲ್ಲಿ ಮತ್ತೆ ಹಡಗು ರಿಪೇರಿ ಶುರುವಾಯಿತಲ್ಲ ಅಂತ ಒಬ್ಬ ಮುದುಕ ಕಣ್ಣೊರೆಸಿಕೊಂಡ. ಪೇಪರಿನವರು ಫೋಟೋ ತೆಗೆದರು. ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟು “ಇವನು ನನ್ನ ಬಲಗೈ” ಅಂದರು. ನಿಜ ಹೇಳುತ್ತೇನೆ ಅಕ್ಕ, ಇಷ್ಟು ವರ್ಷದಲ್ಲಿ ನನ್ನನ್ನು ಯಾರೂ ಹಾಗೆ ಹತ್ತು ಜನರ ಮುಂದೆ ತೋರಿಸಿರಲಿಲ್ಲ.

ಭಾವನ ವಿಷಯ ಮನಸ್ಸಿನಲ್ಲಿದೆ. ಆದರೆ ಆ ದಿನ ಡೆಕ್ಕಿನ ಮೇಲೆ ಜನರೇಟರಿನ ಸದ್ದು ಎಷ್ಟಿತ್ತು ಅಂತ ನಿಮಗೆ ಗೊತ್ತಿಲ್ಲ. ಸಾಹೇಬರು ಏನೋ ಹೇಳಿದ್ದು ಹೌದು. ಇಂಥದ್ದೇ ಹೇಳಿದರು ಅಂತ ಆಣೆ ಹಾಕಿ ಹೇಳಲು ನನಗೆ ಹೆದರಿಕೆ. ಸುಳ್ಳು ಸಾಕ್ಷಿ ಹೇಳುವುದು ದೊಡ್ಡ ಪಾಪ ಅಲ್ಲವೇ?

ಭಾವನಿಗೆ ಸಾಹೇಬರು ಒಂದು ಡಬ್ಬ ಬಿಸ್ಕತ್ತು ಕಳಿಸಿದ್ದಾರೆ. ಇಲ್ಲಿಯದು ಬಹಳ ಹೆಸರುವಾಸಿ, ಬರೀ ಬೆಣ್ಣೆ. ನಿಮ್ಮ ವಿಳಾಸಕ್ಕೆ ಹಾಕಿದ್ದೇನೆ, ತಲುಪಿಸಿ.

ನಿಮ್ಮ
ಶಾನು


ಅಲ್ ನಹ್ದಾ
28 ಡಿಸೆಂಬರ್ 2023

ಶಾನವಾಝ್,

ಕ್ರಿಸ್ಮಸ್ ವಾರ, ಬಯ್ಯಬಾರದು ಅಂತಿದ್ದೆ. ಆಗುವುದಿಲ್ಲ.

ನಿನ್ನ ಡಬ್ಬ ಬಂತು. ಮುಚ್ಚಳದ ಮೇಲೆ ಲಂಗ ಉಟ್ಟ ಗಂಡಸು ಚೀಲ ಊದುವ ಚಿತ್ರ. ಅದನ್ನು ಕಸದ ಬುಟ್ಟಿಗೆ ಹಾಕಲು ಕೈ ಎತ್ತಿದ್ದೆ. ಆದರೆ ನನ್ನದಲ್ಲದ ವಸ್ತು. ಯಾರ್ಡು ಮುಚ್ಚಿದ ಮೇಲೆ ಸೇರಿದ ಕ್ಲಿನಿಕ್ಕಿಗೆ ರಜೆ ಹಾಕಿ, ಅಬುಧಾಬಿಗೆ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು, ಮರಳು ನೋಡಿ ನೋಡಿ ಕಣ್ಣು ನೋಯಿಸಿಕೊಂಡು ಮದೀನತ್ ಜಾಯೆದ್‌ಗೆ ಹೋದೆ.

ರವೂಫಾಕ ಬೇಳೆಯ ಪ್ಯಾಕೆಟ್ಟು ಜೋಡಿಸುತ್ತಿದ್ದರು. ಮೂವತ್ತು ಜನರ ಮೇಲೆ ಫೋರ್‌ಮನ್ ಆಗಿದ್ದ ಮನುಷ್ಯ. ಡಬ್ಬ ನೋಡಿ ಮುಖ ಇಷ್ಟಗಲ ಆಯಿತು.

“ಸಾಹೇಬ್ರು ಮರೀಲಿಲ್ಲ ನೋಡಿ ಬಾಯಮ್ಮ, ನಮ್ಮನ್ನು ಮರೀಲಿಲ್ಲ.”

“ಬಿಸ್ಕತ್ತಲ್ಲ ರವೂಫಾಕ, ಶಾನು ಸತ್ಯ ಕಳಿಸ್ಬೇಕಿತ್ತು. ನೀವಾದ್ರೂ ಬಾಯಿ ಬಿಡಿ. ಸಾಹೇಬ ಹೇಳಿದ್ದು ಅಂತ ಕೋರ್ಟಲ್ಲಿ ಹೇಳಿ.”

“ಅದು ಆಗ್ಲಿಕ್ಕಿಲ್ಲ. ರಂಜಾನ್ ನೋಂಬಿನಲ್ಲಿ ಅವ್ರು ನಮ್ಮೊಟ್ಟಿಗೆ ನೆಲದಲ್ಲಿ ಕೂತು ಒಂದೇ ತಾಟಲ್ಲಿ ಉಂಡ ಜನ. ಕೈ ಹಾಕಿ ಉಂಡಿದ್ದಾರೆ. ಅಂಥವರ ಹೆಸ್ರು ಪೊಲೀಸ್ರಿಗೆ ಕೊಡ್ಲಿಕ್ಕುಂಟಾ?”

ಕೇಳಿದೆಯಾ? ಇಫ್ತಾರಿನ ಒಂದು ತಾಟು ಅನ್ನ! ಆತ ತೋಳು ಮಡಚಿ, ಫೋಟೋ ತೆಗೆಸಿಕೊಂಡು ನಾಲ್ಕು ತುತ್ತು ತಿಂದದ್ದನ್ನು ಈ ಮನುಷ್ಯ ಮುರಿಯಬಾರದ ಸಂಬಂಧ ಅಂತ ತಲೆಯ ಮೇಲೆ ಹೊತ್ತುಕೊಂಡಿದ್ದಾರೆ. ನಮ್ಮ ಮನೆಯ ನಾಯಿಯೂ ಯಾರ ತಾಟಿನಲ್ಲಾದರೂ ಉಣ್ಣುತ್ತದೆ ಅಂದೆ. ಬೇಸರ ಮಾಡಿಕೊಂಡರು.

ಅವರು ಬಾಯಿ ಬಿಡುವುದಿಲ್ಲ, ಬಿಟ್ಟರೂ ಸಾಕ್ಷಿಯಿಲ್ಲದೆ ನಿಲ್ಲುವುದಿಲ್ಲ. ಉಳಿದವನು ನೀನು. ಜನರೇಟರಂತೆ! ನನ್ನ ಮುಂದೆ ಅಳುವಾಗ ಒಂದೊಂದು ಮಾತೂ ಸಾಹೇಬನ ಧ್ವನಿಯಲ್ಲೇ ಹೇಳಿ ತೋರಿಸಿದ್ದೆ. ಆಗ ಜನರೇಟರು ಎಲ್ಲಿ ಹೋಗಿತ್ತು? ಪಾಪಕ್ಕೆ ಹೆದರುವವನಂತೆ. ಥೂ. ಪಾಪ ಪುಣ್ಯದ ಮಾತು ನಿನ್ನ ಬಾಯಿಂದ ಬಂದರೆ ಆ ಮಾತಿಗೇ ಹೊಲಸು ಅಂಟುತ್ತದೆ.

ಎವ್ಲಿನ್


ಪೋರ್ಟ್ ಕಾರ್ನಾ
18 ಫೆಬ್ರವರಿ 2024

ಪ್ರೀತಿಯ ಅಕ್ಕ,

ನೀವು ಬೈದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಹಿರಿಯರು ಬಯ್ಯುತ್ತಾರೆ.

ಒಂದು ಸಂತೋಷದ ಸುದ್ದಿ. ಯಾರಿಗೂ ಹೇಳಿಲ್ಲ, ನಿಮಗೇ ಮೊದಲು. ಸಾಹೇಬರು ನನ್ನನ್ನು ಕಂಪನಿಯ ಡೈರೆಕ್ಟರ್ ಮಾಡಿದ್ದಾರೆ! ಅವರ ಹೆಸರು ತೆಗೆದು ನನ್ನದು ಹಾಕಿಸಿದ್ದಾರೆ. ಅವರಿಗೆ ಓಡಾಟ ಜಾಸ್ತಿ, ಇಲ್ಲಿ ನಿಂತು ನೋಡಿಕೊಳ್ಳುವವನು ಬೇಕಲ್ಲ. ಉಳ್ಳಾಲದ ಹುಡುಗ ಸ್ಕಾಟ್ಲೆಂಡಿನ ಹಡಗು ಕಂಪನಿಯ ಡೈರೆಕ್ಟರ್! ಸಹಿ ಮಾಡುವಾಗ ಸಾಹೇಬರೇ ಪೆನ್ನು ಹಿಡಿಸಿದರು.

ಇನ್ನೊಂದು ತಮಾಷೆ. ಸಾಹೇಬರು ಗುಜರಿ ಅಂಗಡಿಯಿಂದ ಒಂದು ಹಳೆಯ ಹಿತ್ತಾಳೆ ಫಲಕ ತಂದು ಶೆಡ್ಡಿನ ಬಾಗಿಲಿಗೆ ಹೊಡೆಸಿದ್ದಾರೆ. ‘ಸ್ಥಾಪನೆ 1889’ ಅಂತ. ಬೇರೆ ಯಾವುದೋ ಕಂಪನಿಯದಿರಬೇಕು. ನಾವು ಶುರು ಮಾಡಿ ಐದು ತಿಂಗಳೂ ಆಗಿಲ್ಲ. ಆದರೆ ಗಿರಾಕಿಗಳು ಬಂದು ಅದನ್ನು ಸವರಿ ನೋಡುತ್ತಾರೆ. ಸುಳ್ಳಲ್ಲ, ಅಲಂಕಾರ ಅನ್ನುತ್ತಾರೆ ಸಾಹೇಬರು.

ಭಾವನ ವಿಷಯಕ್ಕೆ ಸ್ವಲ್ಪ ಸಮಯ ಕೊಡಿ ಅಕ್ಕ. ಕಂಪನಿ ಒಂದು ನೆಲೆಗೆ ನಿಲ್ಲಲಿ. ಆಮೇಲೆ ಭಾವನನ್ನೇ ಇಲ್ಲಿಗೆ ಕರೆಸುತ್ತೇನೆ.

ನಿಮ್ಮ
ಶಾನವಾಝ್, ಡೈರೆಕ್ಟರ್ (ನಗಬೇಡಿ!)


ಅಲ್ ನಹ್ದಾ
19 ಫೆಬ್ರವರಿ 2024

ಶಾನವಾಝ್,

ನಗು ಬರಲಿಲ್ಲ.

ಅವನ ಹೆಸರು ತೆಗೆದು ನಿನ್ನದು ಹಾಕಿದನಾ? ಯಾಕೆ ಅಂತ ಒಂದು ಸಲವೂ ಕೇಳಲಿಲ್ಲವಾ? ಇಲ್ಲಿ ರವೂಫಾಕನ ಹೆಸರನ್ನು ‘ಇನ್‌ಚಾರ್ಜ್’ ಅಂತ ಹಾಕಿಸಿದ ದಿನವೂ ಇದೇ ಮನುಷ್ಯ ಇದೇ ರೀತಿ ಪೆನ್ನು ಹಿಡಿಸಿದ್ದ. ಅವತ್ತು ಜಿಲೇಬಿ ಹಂಚಿದ್ದು ನಾನು. ನೆನೆಸಿದರೆ ಇವತ್ತಿಗೂ ಬಾಯಿಯಲ್ಲಿ ಕಹಿ ಬರುತ್ತದೆ.

ಹರಕೆಯ ಕುರಿಗೆ ತೋರಣ ಕಟ್ಟಿದರೆ ಅದು ತನ್ನ ಮದುವೆ ಅಂದುಕೊಂಡಿತಂತೆ. ನಾಳೆಯೇ ಹೋಗಿ ಆ ಹೆಸರು ತೆಗೆಸು. ನಿನ್ನ ಮೇಲೆ ನನಗೆ ಸಿಟ್ಟಿದೆ, ಅಸಹ್ಯವಿದೆ, ಆದರೂ ಹೇಳುತ್ತಿದ್ದೇನೆ. ಸಗಣಿಯವನ ಜೊತೆ ಸರಸಕ್ಕಿಂತ ಗಂಧದವನ ಜೊತೆ ಗುದ್ದಾಟ ಮೇಲು. ನನ್ನ ಜೊತೆ ಗುದ್ದಾಡು, ಅವನನ್ನು ಬಿಡು.

ಎವ್ಲಿನ್


ಪೋರ್ಟ್ ಕಾರ್ನಾ
3 ಮಾರ್ಚ್ 2024

ಎವ್ಲಿನಕ್ಕನಿಗೆ,

ಹೊಟ್ಟೆಕಿಚ್ಚು ಅನ್ನುವ ಮಾತು ನಾನು ಆಡುವುದಿಲ್ಲ. ಆದರೆ ನಮ್ಮವನೊಬ್ಬ ಮೇಲೆ ಬಂದರೆ ನಮ್ಮವರಿಗೇ ನಿದ್ದೆ ಬರುವುದಿಲ್ಲ ಅಂತ ಸಾಹೇಬರು ಹೇಳುತ್ತಿದ್ದರು. ನಿಮ್ಮ ಮೇಲ್ ಓದಿ ಅದು ನೆನಪಾಯಿತು.

ನೀವು ಆಫೀಸಿನಲ್ಲಿ ಕೂತವರು, ನಿಮಗೆ ಯಾರ್ಡಿನ ಕಷ್ಟ ತಿಳಿಯದು. ಈ ವಾರ ಮೂರು ಬೋಟು ಒಟ್ಟಿಗೆ ಬಂದಿವೆ. ಕೊಳಕು ನೀರನ್ನು ಒಯ್ಯುವ ಲಾರಿ ಇಲ್ಲಿಗೆ ಬರಬೇಕಾದರೆ ದೂರದ ಪಟ್ಟಣದಿಂದ ಬರಬೇಕು. ಕಡಲ ನೀರಿಳಿಯುವ ಹೊತ್ತಿಗೆ ಸ್ವಲ್ಪ ಸ್ವಲ್ಪ ಬಿಟ್ಟರೆ ಅಲೆಯೇ ಹೊತ್ತುಕೊಂಡು ಹೋಗುತ್ತದೆ. ಚಿಕ್ಕ ಯಾರ್ಡಿನವರೆಲ್ಲ ಮಾಡುವುದೇ ಹೀಗೆ ಅಂತೆ. ಇಂಥ ನಿರ್ಧಾರ ದಿನಕ್ಕೆ ಹತ್ತು ತೆಗೆದುಕೊಳ್ಳಬೇಕು ನಾನು.

ಶಾನವಾಝ್


ಅಲ್ ನಹ್ದಾ
30 ಏಪ್ರಿಲ್ 2024

ಶಾನವಾಝ್,

ನೀನು ಬರೆದದ್ದನ್ನು ನೀನೇ ಇನ್ನೊಮ್ಮೆ ಓದು. ‘ಸ್ವಲ್ಪ ಸ್ವಲ್ಪ ಬಿಟ್ಟರೆ.’ ಇದನ್ನು ಯಾರಿಗೆ ಬರೆದೆ ಅಂತ ಗೊತ್ತುಂಟಾ ನಿನಗೆ? ಓದಿದ ಮೇಲೆ ಉತ್ತರ ಬರೆಯಲು ಹತ್ತಿರ ಎರಡು ತಿಂಗಳು ಕೈ ಏಳಲಿಲ್ಲ.

ಇಲ್ಲಿ ಮಳೆ ಬಂದು ನಮ್ಮ ಬೀದಿಯೇ ಹೊಳೆಯಾಯಿತು, ಸುದ್ದಿಯಲ್ಲಿ ನೋಡಿರಬಹುದು. ಲಿಫ್ಟಿಲ್ಲ, ಕರೆಂಟಿಲ್ಲ. ಚರಂಡಿ ಉಕ್ಕಿ ಪಾರ್ಕಿಂಗಿನಲ್ಲಿ ಸೊಂಟದವರೆಗೆ ಕಪ್ಪು ನೀರು. ಅದರಲ್ಲಿ ನಡೆದು ಕೆಲಸಕ್ಕೆ ಹೋದೆ. ಮನೆಗೆ ಬಂದು ಎಷ್ಟು ಸೋಪು ತಿಕ್ಕಿದರೂ ವಾಸನೆ ಬಿಡಲಿಲ್ಲ. ನಿನ್ನ ಮಾತು ಮಾತ್ರ ಅದಕ್ಕಿಂತ ಹೆಚ್ಚು ನಾರುತ್ತದೆ.

ರಸ್ತೆ ಸರಿಯಾದ ಮೇಲೆ ರವೂಫಾಕನ ಹತ್ತಿರ ಹೋದೆ. ನೀನು ಡೈರೆಕ್ಟರ್ ಆದ ಸುದ್ದಿ ಹೇಳಿದೆ, ನೀರು ಬಿಡುವ ಸುದ್ದಿಯನ್ನೂ ಹೇಳಿದೆ. ಹೆಮ್ಮೆ ಪಡುತ್ತಾರೆ ಅಂದುಕೊಂಡಿದ್ದೆ. ಕೈಯಲ್ಲಿದ್ದ ಗ್ಲಾಸು ಕೆಳಗಿಟ್ಟರು.

“ಬಾಯಮ್ಮ, ಅವನಿಗೆ ಹೇಳಿ, ಇನ್ನು ಯಾವ ಕಾಗದಕ್ಕೂ ಸಹಿ ಹಾಕುದು ಬೇಡ ಅಂತ. ಪೋಕ್ರಿ ಅವ, ಆದ್ರೆ ಗೊತ್ತಾಗುದಿಲ್ಲ ಅವನಿಗೆ. ನಸೀಮ ಸಾಯ್ತಾಳೆ.”

ತನ್ನ ಕೇಸಿನ ಮಾತೇ ಇಲ್ಲ! ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ತೀರ್ಪು ಜುಲೈ ಮೊದಲ ವಾರದಲ್ಲಿ ಅಂತ ಗುರುದತ್ತ ಹೇಳಿದ್ದಾರೆ. ನಿನ್ನ ಸಾಕ್ಷಿ ಬಾರದಿದ್ದರೆ ಖಲಾಸ್.

ಎವ್ಲಿನ್


ಪೋರ್ಟ್ ಕಾರ್ನಾ
2 ಜೂನ್ 2024

ಅಕ್ಕ,

ಎಲ್ಲ ಹೋಯಿತು. ಸರಕಾರದವರು ಬಂದು ಶೆಡ್ಡಿಗೆ ಬೀಗ ಹಾಕಿದ್ದಾರೆ. ಬಂದರಿನ ನೀರಿನಲ್ಲಿ ಎಣ್ಣೆ ಹರಡಿ ದಡದ ಮೇಲೆ ಕಡಲಬಾತುಗಳು ಸತ್ತು ಬಿದ್ದಿವೆ. ರೆಕ್ಕೆ ಅಂಟಿಕೊಂಡು, ಕಪ್ಪಾಗಿ. ಮಕ್ಕಳು ಅವನ್ನು ಬಕೆಟ್ಟಿನಲ್ಲಿ ಹೆಕ್ಕುತ್ತಿದ್ದರು. ಹೊಸ ಬೋರ್ಡನ್ನು ಊರಿನವರೇ ಕಿತ್ತು ಎಸೆದರು. ಚಹಾ ಕೇಳಿದರೆ ಮೊಯ್ರಾ ಬೆನ್ನು ತಿರುಗಿಸಿ ಕಪ್ಪು ತೊಳೆಯುತ್ತಾ ನಿಂತಳು.

ಸಾಹೇಬರ ಫೋನು ಸ್ವಿಚ್ ಆಫ್. ಸೈಪ್ರಸ್‌ನಲ್ಲಿದ್ದಾರೆ ಅಂತ ಕೆಲಸದವರು ಹೇಳುತ್ತಾರೆ. ಕಾಗದದಲ್ಲಿ ಇರುವುದು ನನ್ನ ಹೆಸರು ಒಂದೇ. ಎಣ್ಣೆ ಬಿಡಲು ಹೇಳಿದ್ದು ಅವರೇ ಅಂದರೆ ಯಾರೂ ನಂಬುವುದಿಲ್ಲ. ಫೋನಿನಲ್ಲಿ ಹೇಳಿದ್ದು, ಕೇಳಿದವರು ಯಾರೂ ಇಲ್ಲ. ನನ್ನನ್ನು ಒಳಗೆ ಹಾಕುತ್ತಾರೆ ಅಕ್ಕ. ಹೆದರಿಕೆಯಾಗುತ್ತಿದೆ.

ಇಲ್ಲಿಯ ವಕೀಲೆ ಒಂದು ದಾರಿ ಹೇಳಿದಳು. ಈ ಮನುಷ್ಯ ದುಬೈಯಲ್ಲೂ ಇದನ್ನೇ ಮಾಡಿಸಿ ಕೆಲಸದವನ ತಲೆಗೆ ಕಟ್ಟಿದ್ದ ಅಂತ ಅಲ್ಲಿಯವರು ಯಾರಾದರೂ ಬರೆದುಕೊಟ್ಟರೆ ನಾನು ಬಚಾವಾಗಬಹುದಂತೆ. ಭಾವ ಬರೆದುಕೊಡಬೇಕು. ಅವರಿಗೆ ನಾನು ಕೇಳುವ ಮುಖವಿಲ್ಲ. ನೀವು ಹೇಳಿದರೆ ಕೇಳುತ್ತಾರೆ. ದಮ್ಮಯ್ಯ ಅಕ್ಕ, ನಿಮ್ಮ ಕಾಲಿಗೆ ಬೀಳುತ್ತೇನೆ.

ನಿಮ್ಮ ತಮ್ಮ
ಶಾನು


ಅಲ್ ನಹ್ದಾ
10 ಜೂನ್ 2024

ಶಾನವಾಝ್,

ನಿನ್ನ ಮೇಲ್ ಓದಿ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ. ಏಳು ತಿಂಗಳು ಇದೇ ಒಂದು ಕಾಗದವನ್ನು ನಾವು ನಿನ್ನಲ್ಲಿ ಬೇಡಿದೆವು. ಈಗ ಅದನ್ನೇ ನೀನು ಅವರಲ್ಲಿ ಬೇಡುತ್ತೀಯ. ನಿನ್ನದನ್ನೂ ಕಳಿಸುತ್ತೇನೆ ಅನ್ನುವ ಒಂದು ಸಾಲು ಇಡೀ ಪತ್ರದಲ್ಲಿ ಹುಡುಕಿದೆ. ಇಲ್ಲ. ಬಾಯಿತಪ್ಪಿಯೂ ಇಲ್ಲ. ಮನುಷ್ಯ ಇಷ್ಟು ಕೊಳಕಾಗಬಹುದು ಅಂತ ನನಗೆ ಗೊತ್ತಿರಲಿಲ್ಲ ಮಾರಾಯ.

ರವೂಫಾಕನಿಗೆ ಹೇಳಬಾರದು ಅಂತ ತೀರ್ಮಾನ ಮಾಡಿದ್ದೆ. ಎರಡು ದಿನ ಹೇಳಲಿಲ್ಲ. ಆಮೇಲೆ ಊರಿನಿಂದ ನಸೀಮ ಫೋನು ಮಾಡಿ, ಶಾನು ಅಳುತ್ತಿದ್ದಾನೆ, ಏನೆಂದು ಹೇಳುವುದಿಲ್ಲ, ನಿಮಗೆ ಗೊತ್ತುಂಟಾ ಬಾಯಮ್ಮ ಅಂದಳು. ಹೋಗಿ ಹೇಳಿದೆ.

ಅವರು ಅಂಗಿ ಹಾಕಿಕೊಂಡು ಎದ್ದೇ ಬಿಟ್ಟರು. “ನಡೀರಿ, ಎಲ್ಲಿ ಬರೀಬೇಕು?” ಅಂದರು. ಆ ತಾಟು ಏನಾಯಿತು ಅಂತ ಕೇಳಿದೆ. “ಅದು ನನ್ನ ವಿಷಯ ಬಾಯಮ್ಮ. ಇವ ಮಗು.”

ಗುರುದತ್ತರು ಎದುರು ಕೂರಿಸಿ ಬಿಡಿಸಿ ಹೇಳಿದರು. ಇಷ್ಟು ದಿನ ‘ನಾನೇ ಮಾಡಿದ್ದು’ ಅಂದವರು ಈಗ ‘ಸಾಹೇಬ ಹೇಳಿದ್ದು’ ಅಂತ ಬರೆದುಕೊಟ್ಟರೆ ಅದು ನಮ್ಮ ಕೋರ್ಟಿಗೂ ಹೋಗುತ್ತದೆ. ಆಗ ಸಾಕ್ಷಿ ಬೇಕು. ಶಾನವಾಝ್ ಕೂಡ ಬರೆದುಕೊಟ್ಟರೆ ಇಬ್ಬರೂ ಉಳಿಯುತ್ತೀರಿ. ಅವನು ಬರೆಯದಿದ್ದರೆ ನೀವು ಸುಳ್ಳುಗಾರ ಅನ್ನಿಸಿಕೊಂಡು ಹೆಚ್ಚು ಶಿಕ್ಷೆ ತಿನ್ನುತ್ತೀರಿ. ಯೋಚನೆ ಮಾಡಿ ಅಂದರು. ರವೂಫಾಕ ಯೋಚನೆ ಮಾಡಲಿಲ್ಲ. “ಅವ ಬರೀತಾನೆ. ನಮ್ಮ ಹುಡುಗ” ಅಂದರು, ಸಹಿ ಹಾಕಿದರು.

ಅದನ್ನು ಇದರ ಜೊತೆ ಕಳಿಸಿದ್ದೇನೆ. ನನ್ನ ಕೈಯಲ್ಲಿದ್ದರೆ ಕಳಿಸುತ್ತಿರಲಿಲ್ಲ. ನಿನ್ನದು ಈ ತಿಂಗಳ ಒಳಗೆ ಗುರುದತ್ತರಿಗೆ ಮುಟ್ಟಬೇಕು. ಒಂದೇ ಒಂದು ಹಾಳೆ. ಇಷ್ಟು ದಿನ ನಾನು ಬೈದದ್ದೆಲ್ಲ ಮರೆತುಬಿಡು, ನಾನೂ ಮರೆಯುತ್ತೇನೆ. ಬರೆದು ಕಳಿಸು ಶಾನು.

ಎವ್ಲಿನಕ್ಕ


ಗ್ಲಾಸ್ಗೋ
8 ಜುಲೈ 2024

ಪ್ರೀತಿಯ ಎವ್ಲಿನಕ್ಕ,

ಅಲ್ಲಾಹನ ದಯೆ, ನಿಮ್ಮ ಆಶೀರ್ವಾದ. ಭಾವನ ಕಾಗದ ಓದಿದ ಮೇಲೆ ಇಲ್ಲಿಯ ಅಧಿಕಾರಿಗಳ ದೃಷ್ಟಿಯೇ ಬದಲಾಯಿತು. ನನ್ನನ್ನು ಸಾಕ್ಷಿ ಅಂತ ಪರಿಗಣಿಸಿದ್ದಾರೆ, ಆರೋಪಿ ಅಲ್ಲ. ಕಂಪನಿ ಮುಚ್ಚಿಹೋಯಿತು, ಅದರ ಹೆಸರೂ ಸರಕಾರದ ಪಟ್ಟಿಯಿಂದ ಹೋಗುತ್ತದಂತೆ. ಬಂದರಿನವರು ಆ ಹಿತ್ತಾಳೆ ಫಲಕವನ್ನು ಮ್ಯೂಸಿಯಮ್ಮಿಗೆ ಕೊಟ್ಟರಂತೆ, ನಿಜವಾಗಿಯೂ ಹಳೆಯದು ಅಂತ. ನನಗೆ ಇಲ್ಲಿ ಗ್ಲಾಸ್ಗೋದಲ್ಲಿ ಒಬ್ಬರು ಕೆಲಸ ಕೊಟ್ಟಿದ್ದಾರೆ, ವೀಸಾವನ್ನೂ ಅವರೇ ಮಾಡಿಸುತ್ತಾರೆ.

ನನ್ನ ಕಾಗದದ ವಿಷಯ. ಬರೆದಿದ್ದೆ ಅಕ್ಕ, ದೇವರಾಣೆಗೂ ಬರೆದಿದ್ದೆ. ಆದರೆ ವಕೀಲೆ ಕಳಿಸಬೇಡ ಅಂದಳು. ದುಬೈಯಲ್ಲಿ ಸಾಹೇಬರು ಹಾಗೆ ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೆ ಅಂತ ಒಪ್ಪಿಕೊಂಡರೆ, ಗೊತ್ತಿದ್ದೂ ಯಾಕೆ ಡೈರೆಕ್ಟರ್ ಆದೆ ಅಂತ ಇಲ್ಲಿ ಕೇಳುತ್ತಾರಂತೆ. ಮತ್ತೆ ಎಲ್ಲ ಮೊದಲಿನಿಂದ ಶುರುವಾಗುತ್ತದೆ. ನನ್ನ ಪರಿಸ್ಥಿತಿ ನಿಮಗೆ ಅರ್ಥವಾಗುತ್ತದೆ ಅಂದುಕೊಂಡಿದ್ದೇನೆ.

ಭಾವನ ತೀರ್ಪು ಬಂತಾ? ಒಳ್ಳೆಯದೇ ಆಗಿರುತ್ತದೆ. ಅವರು ಯಾರಿಗೂ ಕೆಟ್ಟದ್ದು ಮಾಡಿದವರಲ್ಲ.

ನಿಮ್ಮ
ಶಾನು


ಅಲ್ ನಹ್ದಾ
11 ಜುಲೈ 2024

ಶಾನವಾಝ್,

ತೀರ್ಪು ನಾಲ್ಕನೇ ತಾರೀಕು ಬಂತು. ಒಂದು ವರ್ಷ ಜೈಲು, ಆಮೇಲೆ ಊರಿಗೆ, ಮತ್ತೆ ಈ ದೇಶಕ್ಕೆ ಬರುವಂತಿಲ್ಲ. ‘ಸ್ವಂತ ತಪ್ಪನ್ನು ದೇಶದಲ್ಲಿಲ್ಲದವನ ಮೇಲೆ ಹೊರಿಸಲು ಕೊನೆಯ ಗಳಿಗೆಯಲ್ಲಿ ಹುಟ್ಟಿಸಿದ ಕಥೆ’ ಅಂತ ನ್ಯಾಯಾಧೀಶರು ಅಂದರಂತೆ. ಗುರುದತ್ತರು ಕೊನೆಯವರೆಗೂ ನಿನ್ನ ಮೇಲ್ ಬಂತಾ ಅಂತ ಫೋನು ತೆಗೆದು ತೆಗೆದು ನೋಡುತ್ತಿದ್ದರು.

ಮೊನ್ನೆ ನಿನ್ನ ಪತ್ರ ಬಂತು, ಇವತ್ತು ಜೈಲಿನಲ್ಲಿ ಅವರನ್ನು ನೋಡಲು ಬಿಟ್ಟರು. ನಡುವೆ ಗಾಜು, ಇಬ್ಬರ ಕೈಯಲ್ಲೂ ಫೋನು. ನಾನು ಒಂದು ರಾಶಿ ಮಾತು ಕಟ್ಟಿಕೊಂಡು ಹೋಗಿದ್ದೆ. ನಿನ್ನ ಪತ್ರವನ್ನು ಪೂರ್ತಿ ಓದಿ ಹೇಳಬೇಕು, ನೀನು ಎಂಥವನು ಅಂತ ಒಂದು ಸಲವಾದರೂ ಅವರಿಗೆ ತಿಳಿಯಬೇಕು, ಆ ತಾಟಿನ ಮನುಷ್ಯನನ್ನೂ ನಿನ್ನನ್ನೂ ಅವರು ಒಂದು ಸಲವಾದರೂ ಬಾಯಿ ತುಂಬ ಬಯ್ಯಬೇಕು ಅಂತ ನನ್ನ ಆಸೆ.

ಕೂರುವ ಮೊದಲೇ ಕೇಳಿದರು.

“ಶಾನುದು ಎಂತ ಆಯ್ತು ಬಾಯಮ್ಮ?”

“ಬಿಟ್ಟರಂತೆ. ಕೆಲಸವೂ ಸಿಕ್ಕಿತಂತೆ” ಅಂದೆ.

ಅವರು ಮುಖ ಅರಳಿಸಿ ನಕ್ಕರು. ಅಲ್ ಹಂದುಲಿಲ್ಲಾ ಅಂದರು. ಪಕ್ಕದಲ್ಲಿದ್ದ ಪೊಲೀಸಿನವನಿಗೂ, ನನ್ನ ಹೆಂಡತಿಯ ತಮ್ಮ, ಕೇಸು ಖಲಾಸ್ ಅಂತ ಹೇಳಿ ತೋರಿಸಿದರು. ನಿನ್ನ ಕಾಗದ ಯಾಕೆ ಬರಲಿಲ್ಲ ಅಂತ ಕೇಳಲೇ ಇಲ್ಲ. ಪ್ರಿಂಟ್ ತೆಗೆದು ಒಯ್ದಿದ್ದ ನಿನ್ನ ಪತ್ರವನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ಹೊರಗೆ ಬಂದು ಬಸ್ ಸ್ಟಾಪಿನ ಹಿಂದೆ ವಾಂತಿ ಮಾಡಿದೆ. ಬಿಸಿಲಿಗೆ ಅಂತ ಪಕ್ಕದವರು ನೀರು ಕೊಟ್ಟರು. ಬಿಸಿಲಿಗಲ್ಲ. ಆ ಸಾಹೇಬನ ಮೇಲೆ ನನಗೆ ಹೇಸಿಗೆ ಇತ್ತು, ನಿನ್ನ ಮೇಲೆ ಅದಕ್ಕಿಂತ ಹೆಚ್ಚಿತ್ತು. ಇವತ್ತು ಆ ನಗುವಿನ ಮೇಲೂ ಬಂತು. ಅಷ್ಟು ಒಳ್ಳೆಯ ಮನುಷ್ಯನ ನಗು ನೋಡಿ ನನಗೆ ವಾಕರಿಕೆ ಬರುವ ಹಾಗೆ ಮಾಡಿದೆಯಲ್ಲ, ಅದಕ್ಕೆ ನಾನು ನಿನ್ನನ್ನು ಕ್ಷಮಿಸುವುದಿಲ್ಲ.

ಎವ್ಲಿನ್ ಮಥಾಯಸ್